ಬಾಲಮಾತೃತ್ವ: ೧೮೯೪ರ ಮೈಸೂರು ಕಾಯಿದೆಯ ಹಿಂದುಮುಂದು

ನಮ್ಮ ಮನೆಯ ಅಟ್ಟದ ಮೇಲೆ ಬಹುಕಾಲದಿಂದ ಧೂಳು ಹಿಡಿದು ಬಿದ್ದಿದ್ದ ಒಂದು ಲೆಕ್ಕದ ಪುಸ್ತಕವು ಈಚೆಗೆ ಈ ಲೇಖಕನ ಕೈಗೆ ಬಂದಿತು. ಅದನ್ನು ಬರೆದವರು ಶಾನುಭೋಗಿಕೆಯಲ್ಲಿದ್ದ ನಮ್ಮ ಪೂರ್ವಿಕರೊಬ್ಬರು. ಕಾಲವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ಮಗನ ಮದುವೆಯ ಖರ್ಚನ್ನು ಅವರು ಬಿಡಿಬಿಡಿಯಾಗಿ ಬರೆದಿರುವರು: ಚಪ್ಪರಕ್ಕೆ ಇಷ್ಟು, ಅಕ್ಕಿ ಬೆಲ್ಲ ತುಪ್ಪಕ್ಕೆ ಇಷ್ಟು, ವಾಲಗದವರಿಗೆ ಇಷ್ಟು, ದಕ್ಷಿಣೆಗೆ ಇಷ್ಟು. ಕೆಲವು ವರ್ಷಗಳ ಹಾಳೆಗಳನ್ನು ತಿರುವಿದರೆ ಪ್ರಸ್ತದ ಖರ್ಚು ಸಿಕ್ಕುವುದು. ಅದರ ಮುಂದಿನ ವರ್ಷದಲ್ಲಿ ಸೀಮಂತದ್ದು. ಆಮೇಲೆ ಸೂಲಗಿತ್ತಿಗೆ ಕೊಟ್ಟ ಸೀರೆ ಮತ್ತು ಅಕ್ಕಿ, ಕಷಾಯದ ಸಾಮಾನು. ಅದೇ ಹಾಳೆಯ ಕೆಳಗೆ ಯಾವ ತಲೆಬರೆಹವೂ ಇಲ್ಲದೆ ಉತ್ತರಕ್ರಿಯೆಯ ಲೆಕ್ಕವಿರುವುದು. ವರ್ಷ ತುಂಬುವುದರೊಳಗೆ ಮತ್ತೆ ಚಪ್ಪರ, ಮತ್ತೆ ವಾಲಗ. ಆ ಸೊಸೆಯ ಹೆಸರು ಪುಸ್ತಕದಲ್ಲೆಲ್ಲಿಯೂ ಇಲ್ಲ. ಆಕೆಯ ವಯಸ್ಸಂತೂ ಇಲ್ಲವೇ ಇಲ್ಲ. ಮದುವೆಗೂ ಪ್ರಸ್ತಕ್ಕೂ ನಡುವೆ ಕಳೆದ ಕಾಲವನ್ನು ನೋಡಿ, ಹದಿನಾಲ್ಕೋ ಹದಿನೈದೋ ಇದ್ದಿರಬೇಕೆಂದು ನಾವು ಊಹಿಸಬಹುದಷ್ಟೆ.

ಬಾಲ್ಯವಿವಾಹದ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಅನೇಕರಿರುವರು. ಅದರ ಫಲವಾದ ಬಾಲಮಾತೃತ್ವದ ಚರಿತ್ರೆಯನ್ನು ಮಾತ್ರ ಬೇರೆಯಾಗಿ ಯಾರೂ ಹೆಚ್ಚಾಗಿ ವಿಚಾರಿಸಿದಂತೆ ತೋರುವುದಿಲ್ಲ. ಮದುವೆಯು ಬಹಿರಂಗದ ಸಂಗತಿ. ಊರೆಲ್ಲ ಉಂಡು ಸಾಕ್ಷಿಯಾಗುವುದು. ಹೆರಿಗೆಯಾದರೋ ಕತ್ತಲೆಯ ಕೋಣೆಯ ಸಂಗತಿ. ಶಾಸನಕರ್ತರ ಕಣ್ಣು ಮೊದಲನೆಯದರ ಮೇಲೆ ಬಿದ್ದಿತು. ಎರಡನೆಯದು ವೈದ್ಯರ, ಅದರಲ್ಲಿಯೂ ಸ್ತ್ರೀವೈದ್ಯರ ಪಾಲಿಗೆ ಉಳಿಯಿತು. ಈ ಎರಡು ದೃಷ್ಟಿಗಳು ಎಲ್ಲಿ ಕೂಡಿದವು, ಎಲ್ಲಿ ಕೂಡದೆ ಹೋದವು ಎಂಬುದನ್ನು ಮೈಸೂರಿನ ಕಾಯಿದೆಯೊಂದನ್ನು ನಡುವಿಟ್ಟುಕೊಂಡು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಕಾಲದ ಹುಡುಗಿಯ ಬಾಳಿನಲ್ಲಿ ಮೂರು ವಯಸ್ಸುಗಳು ಬೇರೆಬೇರೆಯಾಗಿದ್ದವು: ಧಾರೆಯೆರೆದ ವಯಸ್ಸು, ಮೈನೆರೆದು ಪ್ರಸ್ತವಾದ ವಯಸ್ಸು, ಚೊಚ್ಚಲು ಹೆತ್ತ ವಯಸ್ಸು. ಎಂಟು ವರ್ಷದವಳನ್ನು ಗೌರಿಯೆಂದೂ ಒಂಬತ್ತರವಳನ್ನು ರೋಹಿಣಿಯೆಂದೂ ಹತ್ತರವಳನ್ನು ಕನ್ಯೆಯೆಂದೂ ಎಣಿಸಿ, ಅದನ್ನು ಮೀರಿದ ಮೇಲೆ ದಾನದ ಫಲವು ಇಳಿಯುವುದೆಂದು ಹೇಳುವ ಸ್ಮೃತಿವಚನಗಳು ಮೊದಲನೆಯ ವಯಸ್ಸನ್ನು ಮಾತ್ರ ಕುರಿತವು. ಮೂರನೆಯದನ್ನು ಕುರಿತು ನಮ್ಮ ವೈದ್ಯಶಾಸ್ತ್ರವು ಬೇರೊಂದು ಮಾತನ್ನೇ ಆಡಿರುವುದು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಹದಿನಾರು ತುಂಬದ ಹೆಣ್ಣಿನಲ್ಲಿ ಇಪ್ಪತ್ತೈದು ತುಂಬದ ಗಂಡಿನಿಂದ ನಿಂತ ಗರ್ಭವು ಹೊಟ್ಟೆಯಲ್ಲಿಯೇ ಕೆಡುವುದು, ಹುಟ್ಟಿದರೂ ಬಹುಕಾಲ ಬದುಕದು, ಬದುಕಿದರೂ ದುರ್ಬಲವಾಗಿರುವುದು ಎಂಬ ಅಭಿಪ್ರಾಯವು ಉಂಟು. ಒಂದೇ ಸಮಾಜವು ಪುರೋಹಿತರಿಂದ ಒಂದು ವಯಸ್ಸನ್ನೂ ವೈದ್ಯರಿಂದ ಇನ್ನೊಂದು ವಯಸ್ಸನ್ನೂ ಕೇಳಿ, ಮೊದಲನೆಯದನ್ನು ಆಚರಿಸಿ ಎರಡನೆಯದನ್ನು ಗ್ರಂಥದಲ್ಲಿಯೇ ಬಿಟ್ಟಿತು. ಎಲ್ಲ ಜಾತಿಗಳಲ್ಲಿಯೂ ಪದ್ಧತಿಯು ಒಂದೇ ಆಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹೊಲಮನೆಯ ದುಡಿಮೆಯಲ್ಲಿ ಹೆಣ್ಣಿನ ಕೈಗೂ ಬೆಲೆಯಿದ್ದ ಕುಲಗಳಲ್ಲಿ ಮೈನೆರೆದ ಮೇಲೆ ಮದುವೆ ಮಾಡುವುದು ದೋಷವೆನಿಸಿರಲಿಲ್ಲ. ಆದರೆ ಮೇಲಿನವರ ರೂಢಿಯೇ ಮರ್ಯಾದೆಯ ಅಳತೆಗೋಲಾಗುವುದು ಲೋಕದ ಸ್ವಭಾವ.

೧೮೬೦ರ ಇಂಡಿಯಾ ದಂಡಸಂಹಿತೆಯು ಹೆಂಡತಿಯ ವಿಷಯದಲ್ಲಿಯೂ ಹತ್ತು ವರ್ಷವನ್ನು ಎಲ್ಲೆಯಾಗಿ ಗೊತ್ತುಮಾಡಿದ್ದಿತು. ಹತ್ತು ತುಂಬಿದ ಮೇಲೆ ಗಂಡನಾದವನು ಏನು ಮಾಡಿದರೂ ಅದು ಬಲಾತ್ಕಾರವೆನಿಸುತ್ತಿರಲಿಲ್ಲ. ೧೮೮೪ರಲ್ಲಿ ಮುಂಬಯಿಯ ಪಾರಸಿ ಪತ್ರಕರ್ತರಾದ ಬೆಹರಾಮ್‌ಜಿ ಮಲಬಾರಿಯವರು ಬಾಲ್ಯವಿವಾಹವನ್ನೂ ಬಲಾತ್ಕಾರದ ವೈಧವ್ಯವನ್ನೂ ಕುರಿತು ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿ ದೇಶದಲ್ಲೆಲ್ಲ ಚರ್ಚೆಯೆಬ್ಬಿಸಿದರು. ಅದೇ ವರ್ಷ ರಖ್ಮಾಬಾಯಿಯ ವ್ಯಾಜ್ಯವು ಮುಂಬಯಿಯ ಹೈಕೋರ್ಟಿಗೆ ಬಂದಿತು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿ ತಾಯಿಯ ಮನೆಯಲ್ಲಿಯೇ ಬೆಳೆದ ಆಕೆ, ಗಂಡನ ಮನೆಗೆ ಹೋಗಲಾರೆನೆಂದಳು. ೧೮೮೭ರಲ್ಲಿ ಹೋಗಬೇಕು, ಇಲ್ಲವೆ ಆರು ತಿಂಗಳು ಸೆರೆಮನೆಯನ್ನು ಅನುಭವಿಸಬೇಕು ಎಂದು ತೀರ್ಪಾಯಿತು. ಸೆರೆಗೇ ಸಿದ್ಧಳೆಂದು ಆಕೆ ಹೇಳಿದ್ದು ಆ ಕಾಲಕ್ಕೆ ಊಹಿಸಲಾಗದ ಮಾತು. ಮುಂದಿನ ವರ್ಷ ಹಣದಿಂದ ರಾಜಿಯಾಗಿ, ಆಕೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಬಂದು, ಸೂರತ್ತಿನಲ್ಲಿ ಹೆಂಗಸರ ಆಸ್ಪತ್ರೆಯಲ್ಲಿ ದೀರ್ಘಕಾಲ ಕೆಲಸಮಾಡಿದಳು.

ರಖ್ಮಾಬಾಯಿಗಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದವಳು ಆನಂದಿಬಾಯಿ ಜೋಶಿ. ಹುಟ್ಟಿದ್ದು ೧೮೬೫ರಲ್ಲಿ. ಒಂಬತ್ತು ವರ್ಷಕ್ಕೆ, ತನಗಿಂತ ಬಹಳ ಹಿರಿಯನಾದ ಅಂಚೆಯ ಗುಮಾಸ್ತರೊಬ್ಬರೊಡನೆ ಮದುವೆ, ಹದಿನಾಲ್ಕಕ್ಕೆ ಗಂಡುಮಗು. ಆ ಮಗುವು ಹತ್ತು ದಿನ ಮಾತ್ರ ಬದುಕಿತು. ತಕ್ಕ ವೈದ್ಯವಿಲ್ಲದೆ ಶಿಶುವು ಹೋಯಿತೆಂಬ ಸಂಕಟವೇ ಆಕೆಯನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತೆಂಬುದು ಪ್ರಸಿದ್ಧವಾದ ಸಂಗತಿ. ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿ ೧೮೮೬ರಲ್ಲಿ ಪದವಿ ಪಡೆದಳು. ಆಕೆ ಬರೆದ ಪ್ರಬಂಧದ ವಿಷಯವು ಆರ್ಯರಾದ ಹಿಂದೂಗಳಲ್ಲಿನ ಪ್ರಸೂತಿವಿದ್ಯೆ. ನಮ್ಮ ಬೆಳಗಾವಿಗೆ ನೆರೆಯಾದ ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಆಕೆಯ ನೇಮಕವೂ ಆಯಿತು. ಆದರೆ ಕ್ಷಯರೋಗವು ಬಿಡಲಿಲ್ಲ. ೧೮೮೭ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವುದಕ್ಕೆ ಮುಂಚೆಯೇ, ಪುಣೆಯಲ್ಲಿ ತೀರಿಕೊಂಡಳು. ಆಕೆಯನ್ನು ಮೊದಲ ಹಿಂದೂ ವೈದ್ಯೆಯೆಂದು ಕೊಂಡಾಡುವವರು ಬಹಳ. ಹದಿನಾಲ್ಕು ವರ್ಷದ ತಾಯಿಯೆಂದು ನೆನೆಯುವವರು ವಿರಳ.

೧೮೯೦ರಲ್ಲಿ ಕಲ್ಕತ್ತೆಯಲ್ಲಿ ನಡೆದ ವಿಚಾರಣೆಯನ್ನು ಬರೆಯುವುದಕ್ಕೆ ಮನಸ್ಸು ಹಿಂಜರಿಯುವುದು; ಆದರೂ ಬಿಡುವಂತಿಲ್ಲ. ಫೂಲ್‌ಮಣಿ ದಾಸಿ ಎಂಬ ಹತ್ತು ಹನ್ನೊಂದು ವರ್ಷದ ಹುಡುಗಿಯು, ಮೂವತ್ತು ದಾಟಿದ ಗಂಡ ಹರಿಮೋಹನ ಮೈತಿಯ ಕೃತ್ಯದಿಂದ ರಕ್ತಸ್ರಾವವಾಗಿ ಸತ್ತಳು. ವಯಸ್ಸು ಹತ್ತು ಮೀರಿದ್ದುದರಿಂದ ಬಲಾತ್ಕಾರದ ಅಪರಾಧವು ಅವನ ಮೇಲೆ ನಿಲ್ಲಲಿಲ್ಲ. ದುಡುಕಿನಿಂದ ತೀವ್ರ ಗಾಯಮಾಡಿದನೆಂಬ ಬೇರೊಂದು ಪ್ರಕರಣದ ಕೆಳಗೆ ಒಂದು ವರ್ಷದ ಕಠಿಣ ಸಜೆಯಾಯಿತು. ಅದೇ ಸಮಯದಲ್ಲಿ ಇಂಡಿಯದಲ್ಲಿ ಕೆಲಸಮಾಡುತ್ತಿದ್ದ ಸ್ತ್ರೀವೈದ್ಯರು, ತಾವು ಕಣ್ಣಾರೆ ಕಂಡ ಇಂತಹ ಹುಡುಗಿಯರ ಪಟ್ಟಿಯನ್ನು ಮಾಡಿ ವೈಸರಾಯರಾದ ಲಾರ್ಡ್ ಲ್ಯಾನ್ಸ್‌ಡೌನರಿಗೆ ಅರ್ಜಿ ಕಳುಹಿಸಿದರು. ವಾದವಿವಾದಗಳ ನಡುವೆ ಹೆರಿಗೆಯ ಕೋಣೆಯಿಂದ ನೇರವಾಗಿ ಬಂದ ದಾಖಲೆಯೆಂದರೆ ಅದೊಂದೇ ಎನ್ನಬಹುದು.

೧೮೯೧ರ ಮಾರ್ಚಿಯಲ್ಲಿ ಸಮ್ಮತಿವಯಸ್ಸಿನ ಕಾಯಿದೆಯು ಹತ್ತನ್ನು ಹನ್ನೆರಡಕ್ಕೆ ಏರಿಸಿತು. ಗರ್ಭಾಧಾನವು ಮೊದಲ ಋತುವಿನಲ್ಲಿಯೇ ನಡೆಯತಕ್ಕ ಸಂಸ್ಕಾರ, ಸರಕಾರವು ಅದಕ್ಕೆ ಅಡ್ಡ ಬಂದಿತು ಎಂದು ಬಂಗಾಳದಲ್ಲಿ ದೊಡ್ಡ ಗದ್ದಲವೆದ್ದಿತು. ಪುಣೆಯಲ್ಲಿ ತಿಲಕರು ವಿರೋಧಿಸಿದರು. ರಾನಡೆ, ತೇಲಂಗ, ಭಾಂಡಾರಕರರು ಸಮರ್ಥಿಸಿದರು. ತಿಲಕರ ವಿರೋಧವನ್ನು ಸರಿಯಾಗಿ ತಿಳಿಯಬೇಕು. ಹುಡುಗಿಯರನ್ನು ಹದಿನಾರಕ್ಕೆ ಮುಂಚೆ ಮದುವೆ ಮಾಡುವುದಿಲ್ಲವೆಂದು ಸುಧಾರಕರು ತಾವಾಗಿಯೇ ನಿಯಮ ಹಾಕಿಕೊಳ್ಳಲಿ ಎಂದು ಸೂಚಿಸಿದವರೂ ಅವರೇ. ಪರಕೀಯ ಸರಕಾರದ ಕಾನೂನು ಮನೆಯೊಳಗೆ ಬರಕೂಡದೆಂಬುದು ಅವರ ವಾದದ ತಿರುಳು. ಆ ವಾದದ ಬಲವೇನೇ ಇರಲಿ, ಹನ್ನೆರಡು ವರ್ಷದವಳಿಗೆ ಅದರಿಂದ ಯಾವ ರಕ್ಷಣೆಯೂ ಒದಗಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಆಗ ಮೈಸೂರಿನ ಸರದಿ ಬಂದಿತು. ಇಲ್ಲಿ ಆಳುತ್ತಿದ್ದವರು ಹಿಂದೂ ಅರಸರು. ದಿವಾನರು ಶಾಸ್ತ್ರಜ್ಞಾನವಿದ್ದ ಶೇಷಾದ್ರಿ ಅಯ್ಯರ್. ಪರಕೀಯರ ಹಸ್ತಕ್ಷೇಪವೆಂಬ ಆಕ್ಷೇಪಣೆಗೆ ಇಲ್ಲಿ ಅವಕಾಶವಿರಲಿಲ್ಲ. ಅಂಬಳೆ ನರಸಿಂಹ ಅಯ್ಯಂಗಾರ್ಯರು ೧೮೮೧ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದು, ಅದು ಮಹಾರಾಣಿಯವರ ಆಶ್ರಯವನ್ನು ಪಡೆದು, ಉತ್ತಮ ಕುಲಗಳ ಹುಡುಗಿಯರು ಅಲ್ಲಿಗೆ ಬರುವ ಅಭ್ಯಾಸವು ಬೆಳೆದಿದ್ದಿತು. ಆದರೆ ಮದುವೆಯಾದೊಡನೆ ಹುಡುಗಿಯು ಶಾಲೆಯನ್ನು ಬಿಡುವಳು. ಎಂಟಕ್ಕೆ ಮದುವೆ, ಹನ್ನೆರಡಕ್ಕೆ ಪ್ರಸ್ತ ಎಂದರೆ ಓದಿಗೆ ಉಳಿಯುವ ಕಾಲವೆಷ್ಟು? ಬಾಲ್ಯವಿವಾಹವನ್ನು ತಡೆಯಬೇಕೆಂದು ಒತ್ತಾಯಪಡಿಸಿದವರಲ್ಲಿ ಇದೇ ನರಸಿಂಹ ಅಯ್ಯಂಗಾರ್ಯರು ಮುಂದಾಳಾಗಿದ್ದುದು ಆಶ್ಚರ್ಯವಲ್ಲ. ೧೮೮೧ರಲ್ಲಿಯೇ ಏರ್ಪಟ್ಟಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಈ ವಿಷಯವು ಚರ್ಚೆಗೆ ಬಂದು, ಸಂಪ್ರದಾಯಸ್ಥರ ವಿರೋಧವಿದ್ದರೂ, ೧೮೯೪ರಲ್ಲಿ ಶಿಶುವಿವಾಹನಿರೋಧದ ಕಾಯಿದೆಯು ಜಾರಿಗೆ ಬಂದಿತು. ಚಾಮರಾಜೇಂದ್ರ ಒಡೆಯರವರು ಆ ವರ್ಷದ ಡಿಸೆಂಬರಿನಲ್ಲಿಯೇ ಕಲ್ಕತ್ತೆಯಲ್ಲಿ ದೈವಾಧೀನರಾದರು. ಅವರ ಆಳ್ವಿಕೆಯ ಕೊನೆಯ ಕಾರ್ಯಗಳಲ್ಲಿ ಇದೊಂದು.

ಕಾಯಿದೆಯಲ್ಲಿ ಮುಖ್ಯವಾದ ಅಂಶಗಳು ಎರಡು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದು ಅಪರಾಧ. ಓದುಗರಿಗೆ ಎಂಟೆಂಬ ಸಂಖ್ಯೆಯನ್ನು ನೋಡಿ ನಗು ಬರಬಹುದು. ಆದರೆ ಅದು ಗೌರಿಯ ವಯಸ್ಸು. ಶಾಸ್ತ್ರವೇ ಹೇಳಿದುದಕ್ಕಿಂತ ಕೆಳಗಿನದನ್ನು ಮಾತ್ರ ನಿಷೇಧಿಸಿದರೆ ಶಾಸ್ತ್ರಿಗಳು ಬಾಯಿಬಿಡುವಂತಿಲ್ಲವೆಂಬ ಜಾಣತನ ಅದರಲ್ಲಿರುವಂತೆ ಕಾಣುವುದು. ನೂರಾರು ಮೈಲಿ ಆಚೆ ಬರೋಡಾ ಸಂಸ್ಥಾನವು ೧೯೦೪ರಲ್ಲಿ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾರು ಎಂದು ಗೊತ್ತುಮಾಡಿತು. ಮೈಸೂರು ಹತ್ತು ವರ್ಷ ಮುಂಚೆ ಹೊರಟು ನಾಲ್ಕು ವರ್ಷ ಕೆಳಗೆ ನಿಂತಿತು.

ಎರಡನೆಯ ಅಂಶವು ಒಂದು ಆರ್ಥಿಕ ರೋಗವನ್ನು ಮುಟ್ಟಿದುದು. ಮುದುಕನಿಗೆ ಹುಡುಗಿಯನ್ನು ಕೊಡುವವನು ಶಾಸ್ತ್ರಕ್ಕಾಗಿ ಕೊಡುವುದಿಲ್ಲ, ಹಣಕ್ಕಾಗಿ ಕೊಡುವನು. ಇದನ್ನು ನಮ್ಮ ಸಾಹಿತಿಗಳು ಶಾಸನಕರ್ತರಿಗಿಂತ ಮೊದಲೇ ಕಂಡಿದ್ದರು. ಉತ್ತರ ಕನ್ನಡದ ಕರ್ಕಿಯ ವೆಂಕಟರಮಣ ಶಾಸ್ತ್ರಿಗಳು ೧೮೮೭ರಲ್ಲಿ ಪ್ರಕಟಿಸಿದ ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನವು ಕನ್ಯಾವಿಕ್ರಯವನ್ನೇ ಹಾಸ್ಯಕ್ಕೆ ಗುರಿಮಾಡಿತು. ಕನ್ನಡದ ಹೊಸ ನಾಟಕವು ತನ್ನ ತೊದಲುನುಡಿಯಲ್ಲಿಯೇ ಈ ವಿಷಯವನ್ನು ಎತ್ತಿಕೊಂಡುದು ಗಮನಾರ್ಹ. ಹನ್ನೆರಡು ವರ್ಷಗಳ ತರುವಾಯ, ದಕ್ಷಿಣ ಕನ್ನಡದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯು ಬಾಲವಿಧವೆಯ ಕಥೆಯನ್ನು ಹೇಳಿತು. ಹೆರಿಗೆಯಲ್ಲಿ ಸತ್ತ ಬಾಲೆಯ ಕಥೆಯನ್ನು ಮಾತ್ರ ಆ ಕಾಲದವರು ಪ್ರಧಾನವಾಗಿ ಹೇಳಿದಂತಿಲ್ಲ. ವಿಧವೆಯು ಬದುಕಿರುವಳು, ಸಮಾಜದ ಮುಂದೆ ಪ್ರಶ್ನೆಯಾಗಿ ನಿಲ್ಲುವಳು. ಹೆರಿಗೆಯಲ್ಲಿ ಹೋದವಳು ಮುತ್ತೈದೆಯಾಗಿ ಹೋದಳೆಂಬ ಪುಣ್ಯದ ಮಾತಿನೊಡನೆ ಮುಗಿದುಹೋಗುವಳು.

ಕಾಯಿದೆಯ ಪರಿಣಾಮವೇನು? ಐದಾರು ವರ್ಷದ ಶಿಶುಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾಡುತ್ತಿದ್ದ ಮದುವೆಗಳಿಗೆ ಕಾನೂನಿನ ಅಂಜಿಕೆ ಬಂದಿತು. ಆದರೆ ಒಂಬತ್ತಕ್ಕೆ ಮದುವೆಯಾದವಳು ಹದಿಮೂರಕ್ಕೆ ತಾಯಿಯಾಗುವುದನ್ನು ಅದು ತಡೆಯಲಿಲ್ಲ. ತಡೆಯುವ ಉದ್ದೇಶವೂ ಅದಕ್ಕಿರಲಿಲ್ಲ. ನಮ್ಮ ಲೆಕ್ಕದ ಪುಸ್ತಕದ ಸೊಸೆಯನ್ನು ೧೮೯೪ರ ಕಾಯಿದೆಯು ಉಳಿಸುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ದೇಹದ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅಗತ್ಯ. ಋತುಮತಿಯಾದ ಮಾತ್ರಕ್ಕೆ ಹುಡುಗಿಯ ಸೊಂಟದ ಎಲುಬಿನ ಕಟ್ಟು ಪೂರ್ತಿಯಾಗಿ ಬೆಳೆದಿರುವುದಿಲ್ಲ. ಆಮೇಲೆಯೂ ಅದು ಕೆಲವು ವರ್ಷ ಅಗಲವಾಗುತ್ತಿರುವುದು. ಅದಕ್ಕೆ ಮುಂಚೆ ಗರ್ಭವು ನಿಂತರೆ ಮಗುವಿನ ತಲೆಗೆ ದಾರಿ ಸಾಲದೆ ನೋವು ದಿನಗಟ್ಟಲೆ ನಡೆಯುವುದುಂಟು. ಮಗುವು ಒಳಗೇ ಸಾಯುವುದು. ತಾಯಿ ಬದುಕಿದರೆ, ಒತ್ತಡಕ್ಕೆ ಸಿಕ್ಕಿದ ಮಾಂಸವು ಕೊಳೆತು ತೂತುಬಿದ್ದು, ಮೂತ್ರವು ತಡೆಯಿಲ್ಲದೆ ಸೋರುವ ಸ್ಥಿತಿ ಒದಗುವುದು. ಹದಿನೈದು ವರ್ಷದ ಹುಡುಗಿಯನ್ನು ನಾರುವಳೆಂದು ಗಂಡನ ಮನೆಯವರು ತವರಿಗಟ್ಟಿ, ತವರಿನವರು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟ ಕಥೆಗಳನ್ನು ಹಿರಿಯ ಹೆಂಗಸರಿಂದ ನಾವೇ ಕೇಳಿರುವೆವು. ಚೊಚ್ಚಲಲ್ಲಿ ಬರುವ ನಂಜು, ಸೆಳೆವು, ರಕ್ತಹೀನತೆ ಇವುಗಳ ಕಾಟವೂ ಎಳೆಯ ತಾಯಂದಿರಿಗೆ ಹೆಚ್ಚು. ಅವರ ಶಿಶುಗಳು ತೂಕ ಸಾಲದೆ ಹುಟ್ಟುವುದೂ ಹೆಚ್ಚು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅಲಂಕಾರದ ಮಾತಾಗಿರಲಿಲ್ಲ.

ಮುಂದಿನ ಹೆಜ್ಜೆಗಳನ್ನು ಬೇಗ ನಡೆಯೋಣ. ೧೯೨೫ರಲ್ಲಿ ವಿವಾಹದೊಳಗಿನ ಸಮ್ಮತಿವಯಸ್ಸು ಹದಿಮೂರಾಯಿತು. ೧೯೨೭ರಲ್ಲಿ ಅಜಮೀರದ ಹರಬಿಲಾಸ ಶಾರದಾರವರು ತಮ್ಮ ಮಸೂದೆಯನ್ನು ತಂದರು. ಅದೇ ವರ್ಷ ಅಮೆರಿಕದ ಲೇಖಕಿ ಕ್ಯಾಥರೀನ್ ಮೇಯೋ ಬರೆದ ಪುಸ್ತಕವು ಬಾಲಮಾತೆಯರ ಕಷ್ಟವನ್ನೇ ಹಿಡಿದು ನಮ್ಮನ್ನು ಸ್ವರಾಜ್ಯಕ್ಕೆ ಅಯೋಗ್ಯರೆಂದಿತು. ಪರರ ನಿಂದೆಗೆ ಉತ್ತರಕೊಡುವ ಆತುರದಲ್ಲಿ ಕೆಲವರು ರೋಗವೇ ಇಲ್ಲವೆಂದರು. ಇನ್ನು ಕೆಲವರು, ಮದರಾಸಿನ ಶಾಸನಸಭೆಯಲ್ಲಿದ್ದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರಂತಹರು, ರೋಗವನ್ನು ನಾವೇ ಗುಣಪಡಿಸಿಕೊಳ್ಳುವೆವೆಂದು ಕಾನೂನಿಗಾಗಿ ಕೆಲಸಮಾಡಿದರು. ಸರ್ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ಸಮ್ಮತಿವಯಸ್ಸಿನ ಸಮಿತಿಯು ದೇಶವನ್ನೆಲ್ಲ ಸುತ್ತಿ ಸಾಕ್ಷ್ಯ ಪಡೆದು ೧೯೨೯ರಲ್ಲಿ ವರದಿ ಕೊಟ್ಟಿತು. ಮದುವೆಗೆ ಹದಿನಾಲ್ಕು, ವಿವಾಹದೊಳಗಿನ ಸಮಾಗಮಕ್ಕೆ ಹದಿನೈದು, ಜನನಗಳಿಗೂ ವಿವಾಹಗಳಿಗೂ ಸರಿಯಾದ ದಾಖಲೆ ಇವು ಅದರ ಸಲಹೆಗಳಲ್ಲಿ ಮುಖ್ಯವಾದವು. ಮದುವೆಯ ವಯಸ್ಸೂ ತಾಯ್ತನದ ವಯಸ್ಸೂ ಬೇರೆಯೆಂಬುದನ್ನು ಮನಗಂಡು ಬರೆದ ಮೊದಲ ದೊಡ್ಡ ಸರಕಾರಿ ಕಾಗದವೆಂದರೆ ಇದೇ ಇರಬೇಕು.

೧೯೨೯ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಾದ ಶಾರದಾ ಕಾಯಿದೆಯು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ವಿಧಿಸಿ, ೧೯೩೦ರ ಏಪ್ರಿಲ್ ಒಂದರಿಂದ ಜಾರಿಗೆ ಬರುವುದೆಂದು ಸಾರಿತು. ನಡುವೆ ಆರು ತಿಂಗಳು! ಆ ಆರು ತಿಂಗಳಲ್ಲಿ ದೇಶದಲ್ಲಿ ಪುರೋಹಿತರಿಗೂ ವಾಲಗದವರಿಗೂ ಬಿಡುವಿರಲಿಲ್ಲ. ತೊಟ್ಟಿಲ ಕೂಸುಗಳಿಗೂ ತಾಳಿ ಕಟ್ಟಿದರು. ೧೯೩೧ರ ಜನಗಣತಿಯಲ್ಲಿ ಬಾಲಪತ್ನಿಯರ ಸಂಖ್ಯೆಯು ಇಳಿಯುವುದಿರಲಿ, ಹತ್ತು ವರ್ಷ ಹಿಂದಿನದಕ್ಕಿಂತ ಬಹಳವಾಗಿ ಏರಿದುದು ಕಂಡಿತು. ಕಾಯಿದೆಯ ಹಲ್ಲುಗಳೂ ಬಲವಾಗಿರಲಿಲ್ಲ. ಯಾರಾದರೂ ದೂರು ಕೊಟ್ಟಲ್ಲದೆ ವಿಚಾರಣೆಯಿಲ್ಲ. ದೂರು ಕೊಟ್ಟವನೇ ನೂರು ರೂಪಾಯಿಯವರೆಗೆ ಜಾಮೀನು ಕಟ್ಟಬೇಕಾಗಬಹುದು. ವರ್ಷವೊಂದು ಕಳೆದರೆ ದೂರೂ ಇಲ್ಲ. ನಡೆದ ಮದುವೆಯು ಊರ್ಜಿತವೇ. ನೆರೆಮನೆಯವನ ಮೇಲೆ ನೂರು ರೂಪಾಯಿ ಕಟ್ಟಿ ದೂರು ಕೊಡುವ ಪುಣ್ಯಾತ್ಮನು ಯಾವ ಹಳ್ಳಿಯಲ್ಲಿದ್ದನು? ಇದು ಬ್ರಿಟಿಷ್ ಇಂಡಿಯಕ್ಕೆ ಮಾತ್ರ ಅನ್ವಯಿಸಿದ್ದುದರಿಂದ ಧಾರವಾಡ, ವಿಜಾಪುರ, ಬಳ್ಳಾರಿ, ಮಂಗಳೂರುಗಳಿಗೆ ಒಂದು ನ್ಯಾಯ, ಮೈಸೂರಿಗೂ ನಿಜಾಮರ ಕಲಬುರಗಿ ರಾಯಚೂರುಗಳಿಗೂ ಇನ್ನೊಂದು ನ್ಯಾಯವಾಯಿತು. ಕನ್ನಡನಾಡು ಹರಿದು ಹಂಚಿಹೋಗಿದ್ದುದರ ದುಷ್ಫಲವನ್ನು ನಮ್ಮ ಹೆಣ್ಣುಮಕ್ಕಳೂ ಉಂಡರು.

ಆದರೂ ಮೇಲಿನ ವರ್ಗಗಳಲ್ಲಿ ವಯಸ್ಸು ಏರುತ್ತಲೇ ಬಂದಿತು. ಇದರ ಕಾರಣವು ಕಾಯಿದೆಯೆನ್ನುವುದಕ್ಕಿಂತ ಗಂಡುಹುಡುಗರ ಪರೀಕ್ಷೆಗಳೆನ್ನುವುದು ನಿಜಕ್ಕೆ ಹತ್ತಿರ. ವರನು ಬಿ.ಎ. ಮುಗಿಸಬೇಕು, ಕೆಲಸ ಸಿಕ್ಕಬೇಕು. ಅಲ್ಲಿಯವರೆಗೆ ವಧುವು ಕಾಯಬೇಕು. ಕಾಯುವಾಗ ಸುಮ್ಮನಿರುವುದೇಕೆಂದು ಶಾಲೆಗೆ ಕಳುಹಿಸಿದರು. ಹೀಗೆ ಗುಮಾಸ್ತಗಿರಿಯ ಪೈಪೋಟಿಯು, ಸುಶ್ರುತನೂ ಸಾಧಿಸಲಾಗದುದನ್ನು ಸಾಧಿಸಿತು! ಓದಿದ ವರನ ಬೆಲೆ ಏರಿ ವರದಕ್ಷಿಣೆಯು ಬೆಳೆದುದು ಇದರ ಇನ್ನೊಂದು ಮುಖ. ಅದು ಬೇರೆಯೇ ಲೇಖನದ ವಿಷಯ. ಮೈಸೂರು ಸರಕಾರವು ೧೯೩೦ರಲ್ಲಿ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಲು ಆಜ್ಞೆಮಾಡಿದುದನ್ನೂ, ೧೯೩೫ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ತೆರೆದುದನ್ನೂ ಇಲ್ಲಿ ಸ್ಮರಿಸಬೇಕು. ಸರಕಾರವೊಂದು ಗರ್ಭದ ಕಾಲವನ್ನು ಕುರಿತು ಪ್ರಜೆಗಳಿಗೆ ಸಲಹೆಕೊಡಲು ಮುಂದೆಬಂದುದು ಆಗ ಲೋಕದಲ್ಲಿಯೇ ಹೊಸದು.

ಸ್ವಾತಂತ್ರ್ಯ ಬಂದ ಮೇಲೆ ೧೯೪೯ರಲ್ಲಿ ಹುಡುಗಿಯ ವಯಸ್ಸು ಹದಿನೈದಾಯಿತು, ೧೯೭೮ರಲ್ಲಿ ಹದಿನೆಂಟಾಯಿತು. ೨೦೦೬ರಲ್ಲಿ ಹಳೆಯ ಶಾರದಾ ಕಾಯಿದೆಯನ್ನು ತೆಗೆದು ಹೊಸದನ್ನು ಮಾಡಿದರು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯು ವಿಷಯವನ್ನು ಪರಿಶೀಲಿಸಿ ವರದಿ ಸಲ್ಲಿಸಿದ ತರುವಾಯ, ೨೦೧೬ರ ತಿದ್ದುಪಡಿಯು ಬಾಲ್ಯವಿವಾಹವನ್ನು ಮೂಲದಲ್ಲಿಯೇ ಅಸಿಂಧುವೆಂದು ಸಾರಿತು. ನಡೆದ ಮದುವೆ ಊರ್ಜಿತವೇ ಎಂಬ ಶಾರದಾ ಕಾಲದ ಲೋಪವು ನಮ್ಮ ನಾಡಿನಲ್ಲಿ ಹೀಗೆ ತುಂಬಿತು. ೨೦೧೭ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನೆಂಟು ತುಂಬದ ಹೆಂಡತಿಯೊಡನೆ ಸಮಾಗಮವೂ ಬಲಾತ್ಕಾರವೇ ಎಂದಿತು. ಫೂಲ್‌ಮಣಿಯ ವಿಚಾರಣೆಯಿಂದ ಇಲ್ಲಿಗೆ ನೂರ ಇಪ್ಪತ್ತೇಳು ವರ್ಷ.

ಸಂಖ್ಯೆಗಳು ಇಳಿದಿರುವುವು, ಅದನ್ನು ಸಂತೋಷದಿಂದ ಒಪ್ಪಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಇಪ್ಪತ್ತರಿಂದ ಇಪ್ಪತ್ತನಾಲ್ಕರ ಸ್ತ್ರೀಯರಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು ೨೦೦೫-೦೬ರಲ್ಲಿ ದೇಶದಲ್ಲಿ ನೂರಕ್ಕೆ ೪೭.೪, ೨೦೧೯-೨೧ರಲ್ಲಿ ೨೩.೩, ಕರ್ನಾಟಕದಲ್ಲಿ ೨೧.೩. ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ಆಗಲೇ ತಾಯಿಯಾದವರು ಅಥವಾ ಬಸುರಿಯಾದವರು ಅದೇ ಸಮೀಕ್ಷೆಯಲ್ಲಿ ದೇಶದಲ್ಲಿ ೬.೮, ನಮ್ಮಲ್ಲಿ ೫.೪. ನೂರಕ್ಕೆ ಐದೆಂದರೆ ಅಲ್ಪವೆನಿಸುವುದು. ಆದರೆ ಆ ಐವರು ನಾಡಿನಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಬಡವರ ಕೇರಿಯಲ್ಲಿ, ಶಾಲೆ ಬಿಟ್ಟವರ ಮನೆಯಲ್ಲಿ, ಗುಳೆ ಹೋಗುವ ಊರುಗಳಲ್ಲಿ ಒತ್ತಾಗಿರುವರು.

ಗುಳೆಯ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸುವೆವು. ಇಂದಿನ ಅರ್ಥಶಾಸ್ತ್ರವೆಲ್ಲ ಅಲ್ಲಿ ಅಡಗಿರುವುದು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಸುತ್ತಿನಿಂದ ಪ್ರತಿವರ್ಷವೂ ಕಬ್ಬು ಕಡಿಯುವವರು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗಳ ಕಡೆಗೂ ಬರುವರು. ಅಲ್ಲಿ ಕೆಲಸಗಾರರ ಎಣಿಕೆ ಆಳಿನಿಂದಲ್ಲ. ಕೊಯ್ತಾ ಎಂಬ ಕುಡುಗೋಲಿನ ಹೆಸರಿನಿಂದ. ಗಂಡಹೆಂಡಿರಿಬ್ಬರೂ ಕೂಡಿ ಒಂದು ಕೊಯ್ತಾ. ಮುಂಗಡ ಕೊಡುವ ಮುಕಾದಮನು ಜೋಡಿಗೆ ಕೊಡುವನು. ಒಬ್ಬಂಟಿ ಹುಡುಗನಿಗೆ ಬೆಲೆಯಿಲ್ಲ, ಹೆಂಡತಿಯಿದ್ದರೆ ಇದೆ. ತಾಯಿತಂದೆಗಳು ಆರು ತಿಂಗಳು ಊರು ಬಿಡುವಾಗ ಬೆಳೆದ ಮಗಳನ್ನು ಯಾರ ವಶದಲ್ಲಿ ಬಿಡುವುದೆಂಬ ಚಿಂತೆ ಒಂದು ಕಡೆ. ಮದುವೆ ಮಾಡಿದರೆ ಎರಡು ಕುಟುಂಬಗಳಿಗೆ ಒಂದು ಹೊಸ ಜೋಡಿಯ ಮುಂಗಡ ಇನ್ನೊಂದು ಕಡೆ. ಹೀಗೆ ಹದಿನೈದರ ಹುಡುಗಿ ಗದ್ದೆಗೆ ಬಂದು, ಬಸುರಿಯಾಗಿ, ಕಬ್ಬಿನ ಹೊರೆ ಹೊರುವಳು. ಒಂದು ದಿನ ತಪ್ಪಿದರೆ ಕೂಲಿ ಹೋಗುವುದಲ್ಲದೆ ಮುಂಗಡದ ಲೆಕ್ಕದಲ್ಲಿ ದಂಡವೂ ಬೀಳುವುದು. ಇವಳಿಗೆ ಬಾಣಂತನವೆಲ್ಲಿ, ತವರೆಲ್ಲಿ? ತವರಿನವರೂ ಇನ್ನೊಂದು ಗದ್ದೆಯಲ್ಲಿರುವರು. ಇಗ್ಗಪ್ಪ ಹೆಗಡೆಯ ಕಾಲದಲ್ಲಿ ಮುದುಕನ ಹಣದ ಚೀಲವು ಮಾಡಿದ ಕೆಲಸವನ್ನು ಇಲ್ಲಿ ಮುಂಗಡವು ಮಾಡುತ್ತಿರುವುದು. ಅಲ್ಲಿ ಕನ್ಯೆಗೆ ಬೆಲೆ ಬಂದಿದ್ದಿತು. ಇಲ್ಲಿ ಆಕೆಯ ತೋಳಿಗೆ ಬಂದಿರುವುದು.

ಇನ್ನು ಮದುವೆಯೇ ಇಲ್ಲದೆ ಬಸಿರಾದ ಹುಡುಗಿಯ ಗತಿ. ಹಿಂದೆ ಆಕೆಗೆ ಬಾವಿಯೋ ನಾಟಿಮದ್ದೋ ಗತಿಯಾಗಿದ್ದಿತು. ೧೯೭೧ರ ಗರ್ಭಪಾತದ ಕಾಯಿದೆಯು ವೈದ್ಯರ ಕೈಯಿಂದ, ಪೋಷಕರ ಒಪ್ಪಿಗೆಯಿಂದ, ದಾರಿಯೊಂದನ್ನು ತೆರೆಯಿತು. ಆದರೆ ೨೦೧೨ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯಿದೆಯು ಬಂದಾಗ, ಹದಿನೆಂಟು ತುಂಬದವಳು ಬಸುರಿಯೆಂದು ತಿಳಿದ ವೈದ್ಯನು ಪೋಲೀಸರಿಗೆ ತಿಳಿಸಲೇಬೇಕಾಯಿತು. ಕಾಯಿದೆಯ ಉದ್ದೇಶವು ಒಳ್ಳೆಯದೇ. ಅದರಿಂದ ರಕ್ಷಣೆ ಪಡೆದ ಮಕ್ಕಳೂ ಇರುವರು. ಆದರೆ ಬಾಲ್ಯವಿವಾಹವಾದ ಹುಡುಗಿಯ ಮಾವನೂ, ಅವಿವಾಹಿತೆಯ ತಾಯಿಯೂ, ಆಸ್ಪತ್ರೆಯ ಬಾಗಿಲಲ್ಲಿಯೇ ಠಾಣೆಯನ್ನು ಕಾಣತೊಡಗಿದರು. ಪರಿಣಾಮವಾಗಿ ಕೆಲವರು ವಯಸ್ಸನ್ನು ಹೆಚ್ಚಿಸಿ ಹೇಳುವರು, ಕೆಲವರು ಆಸ್ಪತ್ರೆಗೇ ಬಾರರು. ಎಳೆಯ ಮೈಗೆ ಯಾರ ಸಹಾಯವು ಅತ್ಯಗತ್ಯವೋ ಆ ವೈದ್ಯನೇ ಅಂಜಿಕೆಗೆ ಕಾರಣನಾದನು. ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಸಂಕಟವು ಚೆನ್ನಾಗಿ ತಿಳಿದುದೇ: ಬಸುರಿಯ ಹೆಸರನ್ನು ಪುಸ್ತಕದಲ್ಲಿ ಬರೆದರೆ ಮನೆಯವರ ವೈರ, ಬರೆಯದಿದ್ದರೆ ಆಕೆಗೆ ಕಬ್ಬಿಣದ ಗುಳಿಗೆಯೂ ಇಲ್ಲ, ತಪಾಸಣೆಯೂ ಇಲ್ಲ.

೨೦೨೨ರ ಸೆಪ್ಟೆಂಬರ್ ೨೯ರಂದು ಸರ್ವೋಚ್ಚ ನ್ಯಾಯಾಲಯವು ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಗರ್ಭಪಾತಕ್ಕೆಂದು ಬಂದ ಅಪ್ರಾಪ್ತವಯಸ್ಕಳ ವಿಷಯವನ್ನು ವೈದ್ಯನು ಪೋಲೀಸರಿಗೆ ತಿಳಿಸುವಾಗ, ಆ ಹುಡುಗಿಯಾಗಲಿ ಆಕೆಯ ಪೋಷಕರಾಗಲಿ ಕೇಳಿಕೊಂಡರೆ, ಆಕೆಯ ಹೆಸರನ್ನೂ ಗುರುತನ್ನೂ ಬರೆಯಬೇಕಾಗಿಲ್ಲವೆಂದು ಅದು ಹೇಳಿತು. ಹೆರಲೆಂದು ಬಂದ ಹುಡುಗಿಗೆ ಈ ಮರೆಯು ದೊರೆತಿಲ್ಲ. ನಮ್ಮ ಶಾನುಭೋಗರೂ ಹೆಸರನ್ನು ಬರೆಯಲಿಲ್ಲ. ಆದರೆ ಅವರನ್ನು ಹಾಗೆ ಕೇಳಿಕೊಂಡವರು ಯಾರೂ ಇರಲಿಲ್ಲ. ಮನೆಯ ಹಿರಿಯರಲ್ಲಿ ಇಬ್ಬರನ್ನು ವಿಚಾರಿಸಿ ನೋಡಿದೆವು. ಮೊದಲ ಸೊಸೆಯೊಬ್ಬಳಿದ್ದಳೆಂಬುದೇ ಅವರಿಗೆ ತಿಳಿದಿರಲಿಲ್ಲ.